ನಮ್ಮನೆ ಗಡಿಯಾರಕ್ಕೆ ಕೈ ಹಾಕಿದವರು

"ಶಿವರಾತ್ರಿಯ ಮಾರನೆ ದಿನ. ಚಳಿ ಶಿವಶಿವಾ ಅಂತ ಹೋಯಿತು. ಹಜಾರದ ಗಡಿಯಾರ ಹತ್ತು ನಿಮಿಷ ಮುಂದೆ. ಯಾರ ಕೆಲಸ?"

ನನ್ನ ಹಳೆಯ ಡೈರಿಯ ಸಾಲುಗಳಿವು. ಹೊರದೇಶಗಳಲ್ಲಿ ವಸಂತ ಹತ್ತಿರ ಬಂದರೆ ಸರ್ಕಾರವೇ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತದಂತೆ. ಕವಲಂದೆ ದಾರಿಯಲ್ಲಿರುವ ನಮ್ಮೂರಿಗೆ ಅಂಥ ಕಾನೂನಿಲ್ಲ. ಯಾರ ಕೈಗೆ ಎಟುಕುತ್ತದೋ ಅವರು ತಿರುಗಿಸುತ್ತಾರೆ. ಹಾಗಾಗಿ ಹೊಂಗೆ ಚಿಗುರುವ ಹೊತ್ತಿಗೆ ನಮ್ಮಲ್ಲಿ ವರ್ಷವರ್ಷವೂ ಏನಾದರೊಂದು ಆಗುತ್ತಲೇ ಇರುತ್ತದೆ.

ಎರಡು ಡೈರಿ

ಮೈಸೂರಿನಲ್ಲಿ ಬಿ.ಎ. ಮುಗಿಸಿ ಈ ಊರಿಗೆ ಬಂದ ಮೊದಲ ಸೊಸೆ ನಾನು. ಬಂದ ಹೊಸದರಲ್ಲಿ ಪಕ್ಕದ ಮನೆಯ ಅಜ್ಜಿ, "ದಿನಾ ಒತ್ತಾರೆ ಏನ್ ಮಾಡ್ತೀಯವ್ವ?" ಎಂದು ಕೇಳಿದಳು. "ಡೈರಿಗೆ ಹಾಕ್ತೀನಿ ಅಜ್ಜಿ," ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಅಜ್ಜಿ ನಮ್ಮ ಕೊಟ್ಟಿಗೆಯ ಕಡೆ ಇಣುಕಿ, "ಎಸ್ಟ್ ಲೀಟ್ರು?" ಎಂದಳು.

ಆ ಇನ್ನೊಂದು ಡೈರಿಯಿಂದಲೇ ಈ ಕಥೆ ಶುರು. ನನಗೂ ಸೊಸೆ ಬಂದಿದ್ದ ಆ ವರ್ಷ, ಬಿಸಿಲು ಏರಿತೆಂದು ಹಾಲು ಅಳೆಯುವ ಹೊತ್ತನ್ನು ಅರ್ಧ ಗಂಟೆ ಮುಂಚೆ ಮಾಡಿ ಡೈರಿಯವರು ಬಾಗಿಲಿಗೆ ನೋಟೀಸು ಅಂಟಿಸಿದರು. ಅಜ್ಜಿ ಕ್ಯಾನು ಹಿಡಿದು ಹೋಗುವಷ್ಟರಲ್ಲಿ ಬಾಗಿಲು ಹಾಕುತ್ತಿದ್ದರು.

"ನಂಗ್ ಮೋಸ ಮಾಡಾಕೆ ಮುಂಚೆ ಮುಚ್ತೀಯೇನ್ಲಾ?" ಎಂದು ಸೆಕ್ರೆಟರಿಯನ್ನು ಹಿಡಿದುಕೊಂಡಳು.

"ನೋಟೀಸ್ ಆಕಿವ್ನಿ ಕಣಜ್ಜಿ."

"ನಮ್ಮ ಅಸ ನೋಟೀಸ್ ಓದ್ತದೇನ್ಲಾ?"

"ಓದಾಕಿಲ್ಲ. ಅದ್ಕೇ ಅದು ಅಟ್ಟೀಲೆ ಅದೆ, ನೀನ್ ಇಲ್ಲಿಗ್ ಬಂದಿದ್ದೀಯ."

ತ್ರೀಫೇಸು

ಪಂಪ್‌ಸೆಟ್ಟಿನ ಕರೆಂಟಿನ ಹೊತ್ತೂ ಅದೇ ವಾರ ಬದಲಾಯಿತು. ಭತ್ತದ ಗದ್ದೆ ಬಾಯಿಬಿಟ್ಟು ಕೂತಿತ್ತು. ಮಗ ಲೈನ್‌ಮನ್‌ಗೆ ಫೋನು ಮಾಡಿದ.

"ಅಣ್ಣೋ, ತ್ರೀಫೇಸ್ ಎಷ್ಟೊತ್ತಿಗೆ?"

"ಆರಕ್ಕೆ ಕಣಪ್ಪ."

"ಬೆಳಿಗ್ಗೆ ಆರಕ್ಕೋ, ಸಾಯಂಕಾಲ ಆರಕ್ಕೋ?"

"ಅದ ಬಂದ್ಮೇಲೆ ಯೇಳ್ತೀನಿ."

ಸುಣ್ಣದ ಗುರುತು

ಹೀಗೆ ಸುತ್ತಲಿನ ಹೊತ್ತೆಲ್ಲ ಅಲುಗಾಡುತ್ತಿರುವಾಗ ಮನೆಯ ಗಡಿಯಾರವೂ ಮುಂದೆ ಓಡಿದರೆ ಸುಮ್ಮನಿರಲಾದೀತೇ? ನನಗೆ ಎಲ್ಲರ ಮೇಲೂ ಗುಮಾನಿ. ಕಳ್ಳನನ್ನು ಹಿಡಿಯಲು ಗಡಿಯಾರದ ಹಿಂದೆ ಮುಳ್ಳು ತಿರುಗಿಸುವ ಚಕ್ರಕ್ಕೆ ಕುಂಕುಮ ಬಳಿದೆ. ಮಧ್ಯಾಹ್ನ ಎಲ್ಲರ ಬೆರಳು ನೋಡಿದೆ. ಎಲ್ಲರ ಬೆರಳೂ ಕೆಂಪು. ಆ ದಿನ ಶುಕ್ರವಾರದ ಪೂಜೆ ಎಂಬುದನ್ನು ನಾನು ಮರೆತಿದ್ದೆ.

ಮಾರನೆ ದಿನ ಕುಂಕುಮ ಒರೆಸಿ ಸುಣ್ಣ ಬಳಿದೆ. ಸಂಜೆ ನೋಡಿದರೆ ಸುಣ್ಣವೇ ಇಲ್ಲ. ಯಜಮಾನರು ಜಗಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತಾ ಹೇಳಿದರು: "ಗಡಿಯಾರದ ಹಿಂದೆ ಸುಣ್ಣ ಇಟ್ಟಿದ್ದು ಒಳ್ಳೇದಾಯ್ತು ಕಣಮ್ಮಿ. ಕೈಗೆ ಎಟುಕ್ತದೆ."

ಹೊನ್ನಾರು

ಯುಗಾದಿಯ ಬೆಳಿಗ್ಗೆ ಊರಿನ ಮೊದಲ ಉಳುಮೆಗೆ ನಮ್ಮ ಕಡೆ ಹೊನ್ನಾರು ಎನ್ನುತ್ತಾರೆ. ಪಂಚಾಂಗದಲ್ಲಿ ಯಾರ ಹೆಸರಿಗೆ ಬರುತ್ತದೋ ಅವರ ಎತ್ತು ಮೊದಲ ಸಾಲು ಹೊಡೆಯಬೇಕು. ನಾನು ಸೊಸೆಯಾಗಿ ಬಂದ ಮೇಲೆ ಒಮ್ಮೆಯೂ ನಮಗೆ ಬಾರದ್ದು ಆ ವರ್ಷ ಬಂತು. "ಶನಿವಾರ, ಒಂಬತ್ತಕ್ಕೆ ರಾಹುಕಾಲ. ಅದರೊಳಗೆ ಸಾಲು ಬೀಳಬೇಕು. ಇಲ್ಲಾಂದ್ರೆ ಮುಂದಿನ ಹೆಸರು," ಎಂದರು ಪಂಚಾಂಗದ ಐನೋರು. ಮುಂದಿನ ಹೆಸರು ಪಕ್ಕದ ಮನೆ ಅಜ್ಜಿಯದು. ಅವಳ ಮನೆಯ ಎತ್ತುಗಳ ಕೊಂಬಿಗೆ ಆಗಲೇ ಬಣ್ಣ ಬಿದ್ದಿತ್ತು.

ಹಬ್ಬದ ಬೆಳಿಗ್ಗೆ ಪೂಜೆ ಮುಗಿಯುವವರೆಗೆ ಮೊಬೈಲ್ ಮುಟ್ಟಕೂಡದು ಎಂದು ನಾನೇ ಕಟ್ಟಪ್ಪಣೆ ಮಾಡಿದೆ. ಐನೋರು ನಮ್ಮನೆಗೆ ಬಂದು ಬೇವುಬೆಲ್ಲ ತಿಂದು, "ಓದಿದವರ ಮನೆ ಗಡಿಯಾರ," ಎಂದು ತಮ್ಮ ಕೈಗಡಿಯಾರವನ್ನೂ ಅದಕ್ಕೆ ಸರಿಮಾಡಿಕೊಂಡರು. ಹೊಲದಲ್ಲಿ ಅವರ ಗಡಿಯಾರ ಎಂಟೂಮುಕ್ಕಾಲು ತೋರಿಸುವಾಗ ಮಗ ಮೊದಲ ಸಾಲು ಹೊಡೆದ. ನನ್ನ ಕಣ್ಣು ತುಂಬಿ ಬಂತು.

ಅಜ್ಜಿ ಸೊಂಟದ ಸೆರಗಿನಿಂದ ಮೊಬೈಲ್ ಬಿಚ್ಚಿ ಎಲ್ಲರಿಗೂ ತೋರಿಸಿದಳು. "ಒಂಬತ್ತೂ ಕಾಲು! ರಾವುಕಾಲ ಕಣ್ರಪ್ಪೋ! ಸಾಲು ನಮ್ದು!"

ನನಗೆ ತಟ್ಟನೆ ಹೊಳೆಯಿತು. "ನೆನ್ನೆ ಸಂಜೆ ಬೇಳೆ ಕೇಳೋ ನೆವದಲ್ಲಿ ಬಂದು ಗಡಿಯಾರ ಹಿಂದಕ್ಕೆ ತಿರುಗಿಸಿದೋಳು ನೀನೇ ಅಲ್ವಾ?" ಎಂದೆ, ಊರಿನ ಎದುರಿಗೇ.

ಅಜ್ಜಿ ಬಂದು ನನ್ನ ಪಕ್ಕ ನಿಂತಳು. ಅವಳ ತಲೆ ನನ್ನ ಭುಜಕ್ಕೆ ಬರಲಿಲ್ಲ. "ಆ ಗಡಿಯಾರ ನಂಗ್ ಎಟುಕ್ತದಾ ನೋಡ್ ಮಗ."

ಯಜಮಾನರು ಕೆಮ್ಮಿದರು. "ಹತ್ತು ನಿಮಿಷ ಮುಂದಿತ್ತಲ್ಲ, ಹಬ್ಬದ ಹೊತ್ತಿಗೆ ಸರಿ ಇರ್ಲಿ ಅಂತ ರಾತ್ರಿ ನಾನೇ ಹಿಂದಕ್ ಹಾಕ್ದೆ ಕಣಮ್ಮಿ."

ಸೊಸೆ ಸೆರಗು ತಿರುವಿದಳು. "ಹಾಲಿಗೆ ಹೊತ್ತಾಗಬಾರದು ಅಂತ ಮುಂದಕ್ಕಿಟ್ಟಿದ್ದೇ ನಾನು ಅತ್ತೆ. ಇವತ್ತು ಎದ್ದ ತಕ್ಷಣ ಹತ್ತು ನಿಮಿಷ ಹಿಂದಕ್ಕಿಟ್ಟೆ."

"ಅವ್ವಾ..." ಎಂದು ಮಗನೂ ನೇಗಿಲು ಬಿಟ್ಟು ತಲೆ ಕೆರೆದುಕೊಂಡ. "ನಾನೂ ಹತ್ತು."

ಎಲ್ಲರೂ ನನ್ನ ಮುಖ ನೋಡಿದರು. ದೇವರ ದೀಪ ಹಚ್ಚುವ ಮೊದಲು ನಾನು ಹಿಂದಕ್ಕಿಟ್ಟಿದ್ದೂ ಹತ್ತೇ ನಿಮಿಷ.

ಐನೋರು ನನ್ನತ್ತ ಒಮ್ಮೆ, ತಮ್ಮ ಕೈಗಡಿಯಾರದತ್ತ ಒಮ್ಮೆ ನೋಡಿದರು. ತಪ್ಪು ಒಪ್ಪಿಕೊಂಡರೆ ಅವರ ಮಾನವೂ ಹೋಗುತ್ತಿತ್ತು. ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು: "ರಾಹು ಬರೋದು ಪಂಚಾಂಗ ನೋಡ್ಕೊಂಡು. ಪಂಚಾಂಗ ಇರೋದು ನನ್ನ ಕಂಕುಳಲ್ಲಿ. ನಾನು ತೆಗೆಯೋವರೆಗೂ ಅವನು ಎಲ್ಲಿಗ್ ಬರ್ತಾನೆ? ಸಾಲು ಇವರದ್ದೇ."

"ಆಗ್ಲಿ ಬುದ್ಧಿ," ಎಂದಳು ಅಜ್ಜಿ. "ಸಾಲು ಅವ್ರದ್ದೇ. ನನ್ ಮೇಲೆ ಕಳ್ತನ ವೊರಿಸಿದ್ಕೆ ಮಾರಮ್ಮನ ಗುಡಿಗೆ ತಪ್ಪುಕಾಣಿಕೆ ಕಟ್ಲಿ. ರಾವುಕಾಲನೇ ತಡೆಯೋ ಆ ಗಡಿಯಾರ ನಂಗ್ ಕೊಡ್ಲಿ. ನಂಗ್ ಎಟುಕೋ ಅಂಗೆ ಮೊಳೆ ವೊಡ್ದ್ ಕೊಡ್ಲಿ." ಆಮೇಲೆ ನನ್ನ ಕಡೆ ತಿರುಗಿ, "ಇದ್ನೂ ಡೈರಿಗೆ ಆಕವ್ವ. ನೀರ್ ಬೆರಸ್ಬ್ಯಾಡ."

ಆ ದಿನದ ಡೈರಿಯಲ್ಲಿ ಹೀಗಿದೆ: ಹೊನ್ನಾರು ನಮ್ಮದೇ ಆಯಿತು. ಖರ್ಚು: ತಪ್ಪುಕಾಣಿಕೆಗೆ ತೆಂಗಿನಕಾಯಿ ಒಂದು. ಅಜ್ಜಿಯ ಮನೆಗೆ ಒಬ್ಬಟ್ಟು ಒಂದು ಡಬ್ಬಿ. ಗಡಿಯಾರ ಒಂದು, ಮೊಳೆ ಸಮೇತ. ನೀರು ಬೆರೆಸಿಲ್ಲ.