ದೇವದೂತೆಯ ಬೆನ್ನು

ಶಾಲೆಯಲ್ಲಿ ಮಕ್ಕಳಿಗೆ ಹೊಡೆದ ಟೀಚರುಗಳು ಬೇಕಾದಷ್ಟು ಜನ ಸಿಗುತ್ತಾರೆ. ಮಕ್ಕಳ ಕೈಯಲ್ಲಿ, ಅದೂ ಪಾಲಕರ ಎದುರಿಗೆ, ಬೆನ್ನಿಗೆ ಗುದ್ದಿಸಿಕೊಂಡ ಟೀಚರ್ ನನಗೆ ತಿಳಿದ ಮಟ್ಟಿಗೆ ನಾನೊಬ್ಬಳೇ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಹೇಳದೆ ಮುಚ್ಚಿಡೋಣವೆಂದರೆ ಕೂಡ್ಲಿಗಿಯಲ್ಲಿ ಎಲ್ಲರಿಗೂ ಆಗಲೇ ಗೊತ್ತಾಗಿದೆ, ಮತ್ತು ಬೇರೆಯವರ ಬಾಯಿಂದ ಕೇಳಿದರೆ ಗುದ್ದುಗಳ ಸಂಖ್ಯೆ ವಿಪರೀತ ಜಾಸ್ತಿಯಾಗಿರುತ್ತದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಸಿಸ್ಟರುಗಳು ನಡೆಸುವ ಕಾನ್ವೆಂಟ್ ಶಾಲೆಯಲ್ಲಿ ಒಂದನೇ ತರಗತಿಗೆ ನಾನು ಒಂದು ವರ್ಷದ ಪರೀಕ್ಷಾವಧಿಯ ಮೇಲೆ ಸೇರಿದ್ದೆ. ಕೆಲಸ ಕಾಯಂ ಆಗದಿದ್ದರೆ ನನ್ನ ಗತಿ ಏನೆಂದು ಮೊದಲೇ ನಿಶ್ಚಯವಾಗಿತ್ತು: ನಮ್ಮ ಮನೆಯವರ ಬಟ್ಟೆ ಅಂಗಡಿ. ಅಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನಮ್ಮತ್ತೆ ನನಗಾಗಿ ಒಂದು ಸ್ಟೂಲು ಹಾಕಿಸಿಟ್ಟಿದ್ದರು. "ನೌಕರಿ ಹೋದ್ರ ಹೋಗ್ಲಿ ಬಿಡವಾ, ಜಂಪರ್ ಪೀಸ್ ಹರಿಯಾಕ ಇಲ್ಲಿ ಒಂದು ಕೈ ಬೇಕೇ ಬೇಕೈತಿ" ಎಂದು ದಿನಕ್ಕೊಮ್ಮೆ ಸಮಾಧಾನ ಹೇಳುತ್ತಿದ್ದರು. ಆ ಸಮಾಧಾನ ಕೇಳಿದಾಗಲೆಲ್ಲ ನನಗೆ ಬೆವರು ಬರುತ್ತಿತ್ತು.

ಡಿಸೆಂಬರಿನ ಒಂದು ಸೋಮವಾರ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಕರೆದರು. ಅವರು ಮಂಗಳೂರಿನ ಕಡೆಯವರು. ಅವರಾಡುವ ಕನ್ನಡ ಇಸ್ತ್ರಿ ಹಾಕಿದಂತೆ ಇರುತ್ತಿತ್ತು. "ಟೀಚರ್, ಶುಕ್ರವಾರ ಕ್ರಿಸ್ಮಸ್ ಕಾರ್ಯಕ್ರಮ. ಬಳ್ಳಾರಿಯಿಂದ ದೊಡ್ಡ ಫಾದರ್ ಬರುತ್ತಾರೆ. ಯೇಸುವಿನ ಜನನದ ನಾಟಕ ನಿಮ್ಮ ತರಗತಿಯದ್ದು. ಅದನ್ನು ನೋಡಿ ನಿಮ್ಮನ್ನು ಕಾಯಂ ಮಾಡುವ ವಿಷಯ ತೀರ್ಮಾನಿಸೋಣ" ಎಂದರು. ಅದೇ ವಾರ ಕಿರುಪರೀಕ್ಷೆ, ಕಾಪಿ ಪುಸ್ತಕದ ತಿದ್ದುಪಡಿ, ಬಣ್ಣದ ಕಾಗದದ ನಕ್ಷತ್ರ ಅಂಟಿಸುವುದು. ನಲವತ್ತಮೂರು ಮಕ್ಕಳು, ಒಂದು ಗೋಂದಿನ ಬಾಟಲಿ. ಬುಧವಾರದ ಹೊತ್ತಿಗೆ ಅರ್ಧ ಗೋಂದು ನಕ್ಷತ್ರಗಳಲ್ಲಿತ್ತು, ಉಳಿದರ್ಧ ನನ್ನ ಜಡೆಯಲ್ಲಿತ್ತು.

ನಾಟಕದ ತಾಲೀಮಿನಲ್ಲಿ ಮಕ್ಕಳು ಜನಗಣಮನಕ್ಕೆ ನಿಂತ ಹಾಗೆ ನಿಂತರು. ಕೂಸು ಹುಟ್ಟಿದ ಖುಷಿ ಯಾರ ಮುಖದಲ್ಲೂ ಇಲ್ಲ. ಆಗ ನನಗೆ ಟ್ರೈನಿಂಗಿನಲ್ಲಿ ಉರು ಹೊಡೆದ ಸೂತ್ರ ನೆನಪಾಯಿತು: ಗೊತ್ತಿರುವುದರಿಂದ ಗೊತ್ತಿಲ್ಲದ್ದರ ಕಡೆಗೆ ಮಕ್ಕಳನ್ನು ಕರೆದೊಯ್ಯಬೇಕು. ಪರೀಕ್ಷೆಯಲ್ಲಿ ಅಂಕ ತಂದುಕೊಟ್ಟ ಸೂತ್ರ ತರಗತಿಯಲ್ಲೂ ಕೈಹಿಡಿದೀತೆಂದು ನಂಬಿದ್ದು ನನ್ನ ತಪ್ಪು. "ನಿಮ್ಮ ಮನ್ಯಾಗ ಕೂಸು ಹುಟ್ಟಿದ್ರ ಏನೇನು ಮಾಡ್ತೀರಿ? ಹಂಗ ಮಾಡ್ರಿ" ಎಂದುಬಿಟ್ಟೆ.

ಅಲ್ಲಿಂದ ತರಗತಿಗೆ ಜೀವ ಬಂತು. ಜೋಸೆಫನ ಪಾತ್ರದ ಕೊಟ್ರೇಶಿಗೆ ಗೋದಲಿಯ ಬಗ್ಗೆಯೇ ತಕರಾರು. "ಟೀಚರ್, ಕೂಸಿನ್ನ ಗ್ವಾದ್ಲ್ಯಾಗ ಯಾಕ ಮಲಗಸ್ತೀರಿ? ದನ ನೆಕ್ಕತಾವ್ರಿ" ಎಂದು ಮರುದಿನ ಮನೆಯಿಂದ ತೊಟ್ಟಿಲನ್ನೇ ಹೊರಿಸಿಕೊಂಡು ಬಂದ. ಕಾಣಿಕೆ ತರುವ ಮೂವರು ರಾಜರು ಬೈಬಲಿನ ಧೂಪ, ರಕ್ತಬೋಳ ಒಲ್ಲೆವೆಂದು ಕೂಸಿನ ತಲೆಗೆ ಕುಲಾಯಿ, ಕಾಲಿಗೆ ಕಾಲ್ಗಡಗ, ಆಡಿಸಲು ಒಂದು ಗಿಲಕಿ ತಂದರು. ನಕ್ಷತ್ರ ಅಂಟಿಸುವ ಗಡಿಬಿಡಿಯಲ್ಲಿದ್ದಾಗ ಕೊಟ್ರೇಶಿ ಮತ್ತೆ ಬಂದು, "ಗುದ್ದೂದು ಯಾವಾಗ್ರಿ?" ಎಂದ. ಕುರಿಗಳ ಪಾತ್ರದವರು ಜಗಳ ತೆಗೆದಿರಬೇಕೆಂದುಕೊಂಡು, "ಈಗ ಬ್ಯಾಡ, ಆಮ್ಯಾಲೆ" ಎಂದೆ.

ಗುರುವಾರ ಸಿಸ್ಟರ್ ತಾಲೀಮು ನೋಡಿದರು. ತೊಟ್ಟಿಲು ಹೊರಗೆ ಹೋಯಿತು, ಕುಲಾಯಿ ಹೋಯಿತು, ಗಿಲಕಿ ಹೋಯಿತು. "ಟೀಚರ್, ಬೈಬಲಿನಲ್ಲಿ ಇದ್ದಷ್ಟೇ ಸಾಕು" ಎಂದರು. ಆಗಲಿ ಎಂದೆ. ಶುಕ್ರವಾರ ಬೆಳಗ್ಗೆ ದೇವದೂತೆಯಾಗಬೇಕಿದ್ದ ಗಂಗಮ್ಮ ಎರಡೂ ಕೆನ್ನೆ ಊದಿಸಿಕೊಂಡು ಬಂದಳು. ಮಂಗನಬಾವು! ಅವಳ ಮಾತು ನಲವತ್ತಮೂರು ಮಕ್ಕಳಲ್ಲಿ ಇನ್ಯಾರಿಗೂ ಬಾಯಿಪಾಠವಿರಲಿಲ್ಲ. ಥರ್ಮಾಕೋಲಿನ ರೆಕ್ಕೆಗಳನ್ನು ನಾನೇ ಕಟ್ಟಿಕೊಂಡೆ. ಅವು ಆರು ವರ್ಷದ ಹುಡುಗಿಯ ಅಳತೆಯವು; ನನ್ನ ಬೆನ್ನಿನ ಮೇಲೆ ಅವುಗಳನ್ನು ಹುಡುಕಬೇಕಾಗಿತ್ತು.

ನಾಟಕ ಚೆನ್ನಾಗಿಯೇ ನಡೆಯಿತು. ಕೊನೆಗೆ ನಾನು ಗೋದಲಿಯ ಮೇಲೆ ಬಾಗಿ, ಗೊಂಬೆಯ ಕಡೆಗೆ ಮುಖ ಮಾಡಿ, "ಈ ಮಗುವಿಗೆ ಯೇಸು ಎಂದು ಹೆಸರಿಡಿರಿ" ಎಂದೆ. ಬಾಗಬಾರದಿತ್ತು. ನಮ್ಮ ಕಡೆ ತೊಟ್ಟಿಲು ಶಾಸ್ತ್ರದಲ್ಲಿ ಸೋದರತ್ತೆ ಹೀಗೆಯೇ ಬಾಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುತ್ತಾಳೆ. ಹೇಳಿದ ಕೂಡಲೇ ಸುತ್ತ ನಿಂತವರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಗುದ್ದು ಬೀಳದಿದ್ದರೆ ಹೆಸರು ಗಟ್ಟಿಯಾಗಲಿಲ್ಲವೆಂದೇ ಲೆಕ್ಕ. ಮುಂದಿನ ಸಾಲಿನಿಂದ ಕೊಟ್ರೇಶಿಯ ಅಜ್ಜಿ ಎದ್ದು ನಿಂತಳು. "ಹೆಸರಿಟ್ಟಳ! ಏನ್ ನೋಡ್ತೀರಲೇ, ಗುದ್ರಿ!"

ಮೊದಲ ಗುದ್ದು ಜೋಸೆಫನದ್ದು. ಆಮೇಲೆ ರಾಜರು, ಕುರುಬರು, ನಾಲ್ಕು ಕಾಲಿನ ಮೇಲಿದ್ದ ಕುರಿಗಳು ಎದ್ದು ನಿಂತು ಎರಡೆರಡು. ವಾರವಿಡೀ ಕಾಪಿ ಬರೆಸಿದ ಸಿಟ್ಟೂ ಅದರಲ್ಲಿ ಇತ್ತೆಂದು ನನ್ನ ಬಲವಾದ ಗುಮಾನಿ. ರೆಕ್ಕೆ ಪುಡಿಯಾಗಿ ಬೆಳ್ಳಗೆ ಉದುರಿತು. ತಾಯಂದಿರು ಕಣ್ಣೀರು ಬರುವಷ್ಟು ನಕ್ಕರು. ನನ್ನ ಕಣ್ಣಲ್ಲೂ ನೀರಿತ್ತು, ಬೇರೆ ಕಾರಣಕ್ಕೆ.

ಸಿಸ್ಟರ್ ವೇದಿಕೆಯ ಪಕ್ಕಕ್ಕೆ ಬಂದರು. "ಇದನ್ನು ಕಲಿಸಿದವರು ಯಾರು, ಟೀಚರ್?"

ನನ್ನ ಕಣ್ಣ ಮುಂದೆ ಆ ಸ್ಟೂಲು ಬಂತು. "ನಾನಲ್ಲ ಸಿಸ್ಟರ್, ದೇವರಾಣೆಗೂ ನಾನಲ್ಲ. ಇದರಲ್ಲಿ ನಂದೇನೂ ಇಲ್ಲ. ಮಕ್ಕಳು ತಾವಾಗೇ ಮಾಡಿದ್ದು" ಎಂದೆ. ಆರು ವರ್ಷದ ಮಕ್ಕಳ ಮೇಲೆ ತಪ್ಪು ಹೊರಿಸುವಾಗ ನನಗೆ ಚೂರೂ ನಾಚಿಕೆಯಾಗಲಿಲ್ಲ.

ಅಷ್ಟರಲ್ಲಿ ದೊಡ್ಡ ಫಾದರ್ ಕಣ್ಣೊರೆಸಿಕೊಳ್ಳುತ್ತಾ ಬಂದರು. ಅವರೂ ನಮ್ಮ ಸೀಮೆಯವರೇ ಎಂದು ನನಗೇನು ಗೊತ್ತು! "ಸಿಸ್ಟರ್, ಯೇಸು ನಮ್ಮ ಮನ್ಯಾಗ ಹುಟ್ಟಿದಂಗ ಆತು ನೋಡ್ರಿ. ನಮ್ಮಕ್ಕ ತಿಂದಿದ್ದ ಗುದ್ದು ನೆನಪಾತು. ಇದನ್ನ ಕಲಿಸಿದಾಕಿ ಖರೇ ಟೀಚರ್. ಯಾರಾಕಿ?"

ನಾನು ಒಂದು ಹೆಜ್ಜೆ ಮುಂದೆ ಬಂದೆ. ಸಿಸ್ಟರ್ ನನ್ನನ್ನು ನೋಡಿದರು. ಅವರು ಎಂದೂ ಸುಳ್ಳು ಹೇಳುವವರಲ್ಲ.

"ಇದರಲ್ಲಿ ಟೀಚರ್ ಪಾಲು ಏನೂ ಇಲ್ಲವಂತೆ, ಫಾದರ್. ದೇವರ ಆಣೆ ಮಾಡಿ ಹೇಳಿದ್ದಾರೆ. ಎಲ್ಲವನ್ನೂ ಮಕ್ಕಳೇ ಮಾಡಿಕೊಂಡರಂತೆ."

ಫಾದರ್ ಕೊಟ್ರೇಶಿಯ ಅಜ್ಜಿಗೆ ಶಾಲು ಹೊದಿಸಿದರು. ಸೋಮವಾರ ನನ್ನ ಕೈಗೆ ಪತ್ರ ಬಂತು: ನನ್ನ ಪರೀಕ್ಷಾವಧಿಯನ್ನು ಇನ್ನೊಂದು ವರ್ಷ ಮುಂದುವರಿಸಲಾಗಿದೆ. ಕಾರಣ ಕೇಳಲು ಹೋದೆ. "ಬೇಸರ ಬೇಡ ಟೀಚರ್," ಎಂದರು ಸಿಸ್ಟರ್, ತುಂಬಾ ಮೃದುವಾಗಿ. "ಮಕ್ಕಳು ಇಷ್ಟೆಲ್ಲ ತಾವಾಗಿಯೇ ಕಲಿತರು. ನೀವು ಏನು ಕಲಿಸುತ್ತೀರಿ ಎಂದು ನಾವು ಇನ್ನೂ ನೋಡಬೇಕಲ್ಲ?"