ದಸ್ತಗಿರ್ ಸಾಹೇಬರ ಕಾರ್ಖಾನೆಗೆ ಆಳು ಸಿಕ್ಕಿದ್ದು

ರೇಷ್ಮೆಗೂಡು ಅಗ್ಗವೆಂದು ಆಸೆಬಿದ್ದು ಶಿಡ್ಲಘಟ್ಟದ ದಸ್ತಗಿರ್ ಸಾಹೇಬರು ಆ ಬೆಳಿಗ್ಗೆ ಹರಾಜಿನಲ್ಲಿ ಎರಡು ಲಾಟು ಹಿಡಿದದ್ದೇ ತಪ್ಪಾಯಿತು. ಅಂದೇ ಬೇಯಿಸಿ ನೂಲು ತೆಗೆಯದಿದ್ದರೆ ಮಾರನೆಯ ದಿನ ಚಿಟ್ಟೆಗಳು ಗೂಡು ಕೊರೆದು ಹೊರಬರುತ್ತವೆ, ಹಾಕಿದ ದುಡ್ಡು ಹಾರಿಹೋಗುತ್ತದೆ. ಒಲೆ ಉರಿಯುತ್ತಿತ್ತು, ನೀರು ಕುದಿಯುತ್ತಿತ್ತು, ಆಳು ಮಾತ್ರ ಒಬ್ಬನೂ ಇರಲಿಲ್ಲ.

ಇರುವುದಾದರೂ ಹೇಗೆ? ಬೀದಿಯಲ್ಲಿ ಮನೆಗೊಬ್ಬ ದುಬೈಗೋ ಸೌದಿಗೋ ಹೋಗಿದ್ದ. ಉಳಿದವರು ಅವನು ಕಳಿಸಿದ ದುಡ್ಡಲ್ಲಿ ಮನೆಗೆ ಟೈಲ್ಸ್ ಹಾಕಿಸಿ, ಟೀ ಅಂಗಡಿಯಲ್ಲಿ ಕೂತು, ಊರಲ್ಲಿ ಕೆಲಸವೇ ಇಲ್ಲವೆಂದು ಮರುಗುತ್ತಿದ್ದರು. ಸಾಹೇಬರು ಅಲ್ಲಿಗೇ ಹೋಗಿ, ಅಣ್ಣ ದುಬೈಯಲ್ಲಿದ್ದ ಪರ್ವೇಜನನ್ನು ಕೆಲಸಕ್ಕೆ ಬಾರೆಂದು ಅಂಗಲಾಚಿದರು.

ಅವನು ಲೋಟ ಕೆಳಗಿಡಲಿಲ್ಲ. "ಅಣ್ಣ ಅಲ್ಲಿ ಸೂಪರ್‌ವೈಸರು. ನಾನಿಲ್ಲಿ ಬಿಸಿನೀರಲ್ಲಿ ಕೈ ಅದ್ದಿದ್ರೆ ಅವನ ಮರ್ಯಾದೆ ಏನಾಗ್ಬೇಕು?" ಎಂದ. ಮಿಕ್ಕವರೂ ಹೌದೌದೆಂದರು.

ಕೊನೆಗೆ ಒಪ್ಪಿದವನು ದುಬೈಯಿಂದ ರಜೆಗೆ ಬಂದಿದ್ದ ತಬ್ರೇಜ್, ಪಕ್ಕದ ಮನೆ ಬಿಸ್ಮಿಲ್ಲಾ ಬೀಯ ಮಗ. ಅಲ್ಲಿ ಸಿಮೆಂಟು ಹೊತ್ತ ಮೈ, ಇಲ್ಲಿ ಸುಮ್ಮನೆ ಕೂತು ಜೋಮು ಹಿಡಿದಿತ್ತು. ಗೂಡು ಬೇಯುವ ಬಾನಿಯ ಮುಂದೆ ಕೂತವನೇ ಸರಸರನೆ ಎಳೆ ತೆಗೆಯತೊಡಗಿದ. ಸಾಹೇಬರಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಇಣುಕಿದ ಪರ್ವೇಜ್, ದುಬೈ ಹುಡುಗ ಕೂಲಿಗೆ ಕೂತಿದ್ದಾನೆಂದು ಇಡೀ ಟೀ ಅಂಗಡಿಯನ್ನೇ ಕರೆತಂದ. ಬಿಸ್ಮಿಲ್ಲಾ ಬೀಯೂ ಓಡಿ ಬಂದಳು. ಮಗನಿಗೆ ಚಿಂತಾಮಣಿಯಲ್ಲಿ ಹೆಣ್ಣು ಗೊತ್ತಾಗುವುದರಲ್ಲಿತ್ತು; ಕೂಲಿಯ ಸುದ್ದಿ ಅಲ್ಲಿಗೆ ಮುಟ್ಟಿದರೆ ಸಂಬಂಧವೇ ತಪ್ಪುತ್ತಿತ್ತು. ಆಕೆ ಸೆರಗು ಸರಿಮಾಡಿಕೊಂಡಳು.

"ಕೂಲಿ ಯಾವ್ದಪ್ಪ? ಈ ಕಾರ್ಖಾನೆ ನಮ್ ತಬ್ರೇಜೇ ತಗೊಂಡಿದಾನೆ. ಮಷೀನು ಹೆಂಗಿದೆ ಅಂತ ನೋಡ್ತಾ ಇದಾನೆ. ಅಲ್ವಾ ದಸ್ತಗಿರ್?"

ಇಲ್ಲವೆಂದರೆ ಮಗನನ್ನು ಎಬ್ಬಿಸಿಕೊಂಡು ಹೋಗುತ್ತಾಳೆ. ಸಾಹೇಬರು ಗೂಡಿನ ರಾಶಿ ನೋಡಿ ಹೌದೆಂದು ತಲೆಯಾಡಿಸಿದರು.

ಪರ್ವೇಜನ ಮುಖವೇ ಬದಲಾಯಿತು. ದುಬೈ ದುಡ್ಡಿನ ಕಾರ್ಖಾನೆಯಲ್ಲಿ ದುಡಿದರೆ ದುಬೈಯಲ್ಲಿ ದುಡಿದ ಹಾಗೆಯೇ, ಅದರಲ್ಲಿ ನಾಚಿಕೆ ಏನು ಬಂತು? ಅಂಗಿಯ ತೋಳು ಮಡಿಸಿ ಕೂತೇಬಿಟ್ಟ. ಟೀ ಅಂಗಡಿಯವರೆಲ್ಲ ಅವನ ಹಿಂದೆಯೇ ಜಾಗ ಹಿಡಿದರು. ಸಾಹುಕಾರ ನೀರಲ್ಲಿ ಕೈ ಅದ್ದಬಾರದೆಂದು ಬೀ ಮಗನನ್ನು ಕುರ್ಚಿಯಲ್ಲಿ ಕೂರಿಸಿದಳು. ಅವನು ಬಿಟ್ಟ ಬಾನಿಯ ಮುಂದೆ ದಸ್ತಗಿರ್ ಸಾಹೇಬರೇ ಕೂರಬೇಕಾಯಿತು.

ಸಂಜೆಗೆ ಗೂಡೆಲ್ಲ ನೂಲಾಯಿತು. ಕೈಗೆ ಬೊಬ್ಬೆ ಬಂದರೇನು, ದುಡ್ಡು ಉಳಿಯಿತಲ್ಲ ಎಂದುಕೊಂಡು ಸಾಹೇಬರು ಎದ್ದರು. ಆಗ ಎಲ್ಲರೆದುರು ಬಿಸ್ಮಿಲ್ಲಾ ಬೀ ಕರೆದಳು.

"ನಾಳೆ ಬೇಗ ಬಾ ದಸ್ತಗಿರ್. ಹಳಬ ಅಂತ ಇಟ್ಕೊಂಡಿದೀವಿ. ನಿನ್ ಜಾಗಕ್ಕೆ ಪರ್ವೇಜ್ ಭಾಮೈದ ಕೇಳ್ತಾ ಇದಾನೆ."

ಬಾಯಿ ಬಿಟ್ಟರೆ ಇಷ್ಟೂ ಆಳು ಎದ್ದು ಟೀ ಅಂಗಡಿಗೆ ಹೋಗುತ್ತಾರೆ. "ಬರ್ತೀನಮ್ಮ" ಎಂದರು ಸಾಹೇಬರು.