ಏಳು ತಲೆಮಾರು ಹೇಳಿದ ಬೀಗ ರಿಪೇರಿಯವನು

ಬಾಗಿಲ ಬೀಗಕ್ಕೆ ಕುರಿಯ ಬಾಲದ ಕೊಬ್ಬು ಹುಯ್ಯಬಾರದು ಅಂತ ಯಾವ ಶಾಲೆಯಲ್ಲೂ ಹೇಳಿಕೊಡುವುದಿಲ್ಲ, ನಿಜ. ಹೇಳಿಕೊಡದೆಯೇ ತರಾಜ್ ಊರಿನ ಉಳಿದ ಜನಕ್ಕೆಲ್ಲ ಅದು ಗೊತ್ತಿದೆ. ತೊಕ್ಸನ್‌ಬಾಯ್‌ಗೆ ಮಾತ್ರ ಗೊತ್ತಿರಲಿಲ್ಲ. ಪಕ್ಕದ ಕಟ್ಟಡದಲ್ಲಿ ಕಳ್ಳತನವಾಗಿದೆ ಎಂದು ಕಿವಿಗೆ ಬಿದ್ದಾಗಿನಿಂದ ಈ ಮಹಾಶಯ ಬೀಗವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಅದು ಕಿರ್ ಎಂದಿತೆಂದು ರಾತ್ರಿ ಕೊಬ್ಬು ಕಾಯಿಸಿ ಒಳಗೆ ಹುಯ್ದ. ಬೆಳಗಿನ ಚಳಿಗೆ ಕೊಬ್ಬು ಹೆಪ್ಪುಗಟ್ಟಿತು. ಬಾಗಿಲು ತೆರೆದಿಟ್ಟುಕೊಂಡು ಮತ್ತೊಮ್ಮೆ ತಿರುಗಿಸಿ ನೋಡಿದ್ದೇ ತಡ, ಕೀಲಿ ಲಟಕ್ಕೆಂದು ಮುರಿಯಿತು. ಬೀಗದ ನಾಲಿಗೆ ಹೊರಗೆ ಚಾಚಿಕೊಂಡು ಹಾಗೇ ನಿಂತಿತು. ಒಳಕ್ಕೂ ಹೋಗದು, ಬಾಗಿಲು ಮುಚ್ಚಲೂ ಬಿಡದು.

"ಕಳ್ಳರು ಬರ್ತಾರೆ ಅಂತ ಇಷ್ಟೆಲ್ಲ ಮಾಡಿದ್ರಿ. ಈಗ ಬಾಗಿಲು ತೆಗೆದಿಟ್ಟು ಕರೀತಾ ಇದೀರಿ" ಅಂದಳು ಹೆಂಡತಿ ಕುಲಾಶ್.

ಕಳ್ಳರ ಭಯ ಸುಮ್ಮನೆ ಹುಟ್ಟಿದ್ದಲ್ಲ. ಆ ಮನೆಯಲ್ಲಿ ಕದಿಯಲು ಯೋಗ್ಯವಾದದ್ದು ಒಂದೇ ಒಂದು ವಸ್ತುವಿತ್ತು. ತೊಕ್ಸನ್‌ಬಾಯ್‌ನ ತಾತನ ಬೆಳ್ಳಿಯ ಸೊಂಟಪಟ್ಟಿ. ಮರುದಿನ ಹಳ್ಳಿಯಲ್ಲಿ ತಾತನ ನೆನಪಿನ ಊಟ, ಕುಲದವರೆಲ್ಲ ಸೇರುವವರಿದ್ದರು. ಪಟ್ಟಿಯನ್ನು ತೊಕ್ಸನ್‌ಬಾಯ್ ಯಾವಾಗಲೋ ಮಾರಿ ತಿಂದಿದ್ದಾನೆ ಎಂಬ ಮಾತು ಅವರ ನಡುವೆ ಆಗಲೇ ಎದ್ದಿತ್ತು. ಏಳದೆ ಏನು ಮಾಡೀತು, ಹಿಂದೊಮ್ಮೆ ಅಪ್ಪನ ಗಡಿಯಾರವನ್ನು ಮಾರಿ ತಿಂದ ಆಸಾಮಿ ಇವನು. ನಾಳೆ ಪಟ್ಟಿ ಕಟ್ಟಿಕೊಂಡು ಹೋದರೆ ಹಿರಿಯರ ಸಾಲಿನಲ್ಲಿ ಕುದುರೆ ಮಾಂಸದ ತಟ್ಟೆಯ ಮುಂದೆ ಕೂರಿಸುತ್ತಾರೆ. ಬರಿಗೈಯಲ್ಲಿ ಹೋದರೆ ಬಾಗಿಲ ಬಳಿ, ಎಲ್ಲರ ಬೂಟುಗಳ ಪಕ್ಕದಲ್ಲಿ ಜಾಗ. ಅಲ್ಲಿಂದ ಮತ್ತೆ ಮೇಲಕ್ಕೆ ಏರಿದವರನ್ನು ಆ ಕುಲದಲ್ಲಿ ಯಾರೂ ನೋಡಿಲ್ಲ.

ಅದಕ್ಕೇ ಬಾಗಿಲು ಮುಚ್ಚುವುದಿಲ್ಲ ಎಂದು ಗೊತ್ತಾದ ತಕ್ಷಣ ಅವನು ಪಟ್ಟಿಯನ್ನು ಸೊಂಟಕ್ಕೆ ಬಿಗಿದು, ಮೇಲೆ ದಪ್ಪನೆಯ ನಿಲುವಂಗಿ ಹಾಕಿ ಗುಂಡಿಗಳನ್ನೆಲ್ಲ ಹಾಕಿಕೊಂಡ. ಕೂತರೆ ಬೆಳ್ಳಿಯ ಮೊಳೆಗಳು ಹೊಟ್ಟೆಗೆ ಚುಚ್ಚುತ್ತಿದ್ದವು. ಹಾಗಾಗಿ ನಿಂತುಕೊಂಡೇ ಹಳ್ಳಿಗೆ, ಅಣ್ಣ ಮಿರ್ಜಾಬೆಕ್‌ಗೆ ಫೋನು ಮಾಡಿದ.

"ಅಣ್ಣಾ, ಮನೆ ಬೀಗ ಕೆಟ್ಟಿದೆ. ನಂಬೋವಂಥ ರಿಪೇರಿಯವನು ಸಿಗೋವರೆಗೂ ಮನೆ ಬಿಟ್ಟು ಹೊರಡೋ ಹಾಗಿಲ್ಲ."

"ನೀನು ಬರದಿದ್ರೆ ಯಾರೂ ಅಳೋದಿಲ್ಲ. ಪಟ್ಟಿ ಬರಬೇಕು. ಮನೇಲೇ ಇದೆ ತಾನೆ?"

"ಇದೆ ಅಣ್ಣಾ, ಮೈಮೇಲೇ ಇದೆ!"

"ಹ್ಞೂಂ" ಎಂದು ಅಣ್ಣ ಫೋನಿಟ್ಟ.

ಅಷ್ಟರಲ್ಲಿ ಜನ ಬರತೊಡಗಿದ್ದರು. ಹಾಡಹಗಲು ಬಾಗಿಲು ತೆರೆದಿದ್ದರೆ ಆ ಕಟ್ಟಡದಲ್ಲಿ ಅದಕ್ಕೆ ಎರಡೇ ಅರ್ಥ, ಸಾವು ಅಥವಾ ಮದುವೆ. ಮೊದಲು ಬಂದವಳು ಎದುರು ಮನೆಯ ಶಾರ್ಬನ್. ಊರಿನವರ ವಿಷಯವೆಲ್ಲ ಅವರಿಗಿಂತ ಮೊದಲೇ ತಿಳಿದಿರುವ ಹೆಂಗಸು. ಅವಳ ಹಿಂದೆ ಮೇಲಿನ ಮನೆಯ ಎರ್ಗಾಜಿ, ಕುಸ್ತಿ ಕಲಿಸಿ ನಿವೃತ್ತನಾದವನು. ಈಗ ಕುಸ್ತಿಯೊಂದು ಬಿಟ್ಟು ಉಳಿದದ್ದನ್ನೆಲ್ಲ ಎಲ್ಲರಿಗೂ ಕಲಿಸುತ್ತಿದ್ದ. ಹೊಸ್ತಿಲು ದಾಟಿದವರಿಗೆ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಳ್ಳದೆ ಹೊರಡುವ ಹಾಗಿಲ್ಲ, ರೊಟ್ಟಿ ಕೊಟ್ಟ ಮೇಲೆ ಚಹಾ ಕೊಡದೆ ಬಿಡುವ ಹಾಗಿಲ್ಲ. ಬಂದವರು ಚಾಪೆಯ ಮೇಲೆ ಚೆನ್ನಾಗಿ ಬೇರು ಬಿಟ್ಟರು. ಕುಲಾಶ್ ಹಾಲು ಬೆರೆಸಿದ ಚಹಾವನ್ನು ಬಟ್ಟಲಿಗೆ ಸುರಿಯುತ್ತಲೇ ಇದ್ದಳು.

"ನಾನು ಗೆರ್ಮನ್ ಪಾಕ್‌ಗೆ ಹೇಳಿದೀನಿ, ಬರ್ತಾನೆ" ಅಂದಳು ಅವಳು. "ಈ ಕಟ್ಟಡದ ಬೀಗ ಎಲ್ಲ ಅವನೇ ನೋಡೋದು."

"ಬರ್ಲಿ ಬರ್ಲಿ. ಆದ್ರೆ ಬೀಗದವನು ಅಂದ್ರೆ ಯಾರು?" ಎಂದು ಎರ್ಗಾಜಿ ಬೆರಳೆತ್ತಿದ. "ನಿನ್ನ ಮನೆ ಕೀಲಿ ಹೆಂಗಿದೆ ಅಂತ ತಿಳ್ಕೊಂಡು ಹೋಗೋವನು. ಪಕ್ಕದ ಕಟ್ಟಡದಲ್ಲಿ ಕದ್ದೋರು ಬಾಗಿಲು ಒಡೀಲಿಲ್ಲ, ಗೊತ್ತಾ? ನೆಟ್ಟಗೆ ತೆಗೆದು ಒಳಗೆ ಬಂದ್ರು!"

"ಅಯ್ಯೋ, ನಂಬಿಕೆ ಅನ್ನೋದು ಎಲ್ಲಿದೆ ಈಗ" ಎಂದು ಶಾರ್ಬನ್ ಕೆಟ್ಟ ಸುದ್ದಿ ಕೇಳಿದವರ ಹಾಗೆ ಕೆನ್ನೆ ಗೀಚಿಕೊಂಡಳು. "ಯಾರ ಮಗ, ಯಾರ ಮೊಮ್ಮಗ ಅಂತ ಕೇಳದೆ ಹೆಂಗೆ ಒಳಗೆ ಬಿಟ್ಕೊಳ್ಳೋದು?"

ತೊಕ್ಸನ್‌ಬಾಯ್‌ನ ಎದೆಯುಬ್ಬಿತು. ಅವನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಅದೊಂದೇ. ಗೋಡೆಯ ಮೇಲೆ ಗಾಜು ಹಾಕಿಸಿದ ವಂಶವೃಕ್ಷ ನೇತಾಡುತ್ತಿತ್ತು. ಅದರ ತುದಿಯಲ್ಲಿ ಅವನ ಹೆಸರು, ಬಾಕಿ ಹೆಸರುಗಳಿಗಿಂತ ಒಂದಿಷ್ಟು ದೊಡ್ಡದಾಗಿ. "ಏಳು ತಲೆಮಾರಿನ ಹೆಸರು ಹೇಳ್ಬೇಕು. ಹೇಳಿದ್ರೆ ಮಾತ್ರ ನನ್ನ ಬಾಗಿಲು ಮುಟ್ಟೋದು" ಎಂದು ಘೋಷಿಸಿದ. ನೆರೆಹೊರೆಯವರು ತಲೆದೂಗಿದರು. ಕುಲಾಶ್ ಮಾತ್ರ ಚಹಾದ ಪಾತ್ರೆಯನ್ನು ಒಲೆಯ ಮೇಲೆ ಧಡ್ಡನೆ ಕುಕ್ಕಿದಳು.

ಗೆರ್ಮನ್ ಪಾಕ್ ಬಂದು, ಬೂಟು ಕಳಚಿ, ಸಾಮಾನಿನ ಚೀಲ ಕೆಳಗಿಟ್ಟ. ಬೀಗದ ಕಡೆ ಬಾಗುವಷ್ಟರಲ್ಲಿ ತೊಕ್ಸನ್‌ಬಾಯ್ ಅಡ್ಡ ನಿಂತ.

"ಮೊದ್ಲು ನಿಮ್ಮ ಏಳು ತಲೆ ಹೇಳ್ರಿ."

"ಏನು?"

"ಅಪ್ಪ, ಅಜ್ಜ, ಮುತ್ತಜ್ಜ, ಹಂಗೇ ಮೇಲಕ್ಕೆ."

"ನಾವು ಕೊರಿಯಾ ಕಡೆಯವರು ಕಣ್ರಿ. ನಮ್ಮಜ್ಜನ್ನ ಗಡೀಪಾರು ಮಾಡಿ ರೈಲಿಂದ ಇಲ್ಲಿಳಿಸಿದ್ದು ಗೊತ್ತು. ಅದರ ಹಿಂದಿಂದು ಗೊತ್ತಿಲ್ಲ. ನಿಮ್ಮ ಬೀಗಕ್ಕೇನಾದ್ರೂ ಗೊತ್ತಾ, ಅದರಜ್ಜ ಯಾರು ಅಂತ?"

"ನೋಡಿದ್ರಾ, ಮಾತು ತಿರುಗಿಸ್ತಾನೆ!" ಎಂದ ಎರ್ಗಾಜಿ.

"ನಿಮ್ಮನೇಲೂ ಇಂಥದೇ ಬೀಗ ಹಾಕಿದ್ದು ನಾನೇ ಎರ್ಗಾಜಿ ಅಣ್ಣ, ಆವಾಗ ಕೇಳ್ಲಿಲ್ವಲ್ಲ."

"ಆವಾಗ ಕಾಲ ಬೇರೆ ಇತ್ತು."

ಪಾಕ್ ಮತ್ತೆ ಬೂಟು ಹಾಕಿಕೊಂಡ. ರೊಟ್ಟಿಯನ್ನಾದರೂ ಮುರಿಯಪ್ಪಾ ಎಂದು ಕುಲಾಶ್ ಹಿಂದೆಯೇ ಓಡಿದಳು. ಅವನು ಒಂದು ಚೂರು ಬಾಯಿಗೆ ಹಾಕಿಕೊಂಡು, ನಮಸ್ಕಾರ ಹೇಳಿ, ಮೆಟ್ಟಿಲಿಳಿದು ಹೋದ.

ಆಮೇಲೆ, ಮೆಟ್ಟಿಲ ಗೋಡೆಯ ಚೀಟಿಯಲ್ಲಿದ್ದ ನಂಬರಿಗೆ ಫೋನು ಮಾಡಿ ಮತ್ತೊಬ್ಬನನ್ನು ಕರೆಸಿದ್ದಾಯಿತು. ಅವನು ನಮ್ಮವನೇ. ಉತ್ಸಾಹದಿಂದ ಶುರು ಮಾಡಿದವನು ಐದನೆಯ ಅಜ್ಜನ ಹತ್ತಿರ ತೊದಲಿದ. "ಅಮ್ಮನ್ನ ಕೇಳಿ ಬರ್ತೀನಿ" ಎಂದು ಹೊರಗೆ ಹೋದವನು ಇನ್ನೂ ಕೇಳುತ್ತಲೇ ಇದ್ದಾನೆ. ಅವನಿಗೆ ಬೀಗ ತೆಗೆಯಲು ಬರುತ್ತದೋ ಇಲ್ಲವೋ ಎಂದು ಒಬ್ಬರೂ ವಿಚಾರಿಸಲಿಲ್ಲ. ಅದು ಅಲ್ಲಿ ಯಾರಿಗೂ ಮುಖ್ಯವಾಗಿ ಕಂಡಿರಲಿಲ್ಲ.

ಮಧ್ಯಾಹ್ನ ಕಳೆಯಿತು. ಇದ್ದ ರೊಟ್ಟಿ ಮುಗಿದು, ನಾಳೆ ಹಳ್ಳಿಗೆ ಒಯ್ಯಬೇಕೆಂದು ಕರಿದಿಟ್ಟಿದ್ದ ಬೌರ್ಸಾಕ್ ಉಂಡೆಗಳಿಗೂ ಕೈ ಬಿತ್ತು. ತೊಕ್ಸನ್‌ಬಾಯ್ ನಿಂತು ನಿಂತು ಸೊಂಟ ಹಿಡಿದುಕೊಂಡು, ನಿಲುವಂಗಿಯೊಳಗೆ ಬೆವರುತ್ತಿದ್ದ. "ಜ್ವರ ಬಂದಿರ್ಬೇಕು" ಅಂದಳು ಶಾರ್ಬನ್. "ಕುಲದ ಅಭಿಮಾನ" ಅಂದ ಎರ್ಗಾಜಿ. "ಬುದ್ಧಿ ಇಲ್ಲದ್ದು" ಎಂದು ಕುಲಾಶ್ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು.

ಆಗ ಬಾಗಿಲಲ್ಲಿ ಒಬ್ಬ ಪ್ರತ್ಯಕ್ಷನಾದ. ಅಗಲ ಮುಖ, ಮುಂದೊಂದು ಚಿನ್ನದ ಹಲ್ಲು, ಹೆಗಲಲ್ಲಿ ಚೀಲ. "ಸಲಾಂ. ಇಲ್ಲಿ ಬೀಗ ಕೆಟ್ಟಿದೆ ಅಂತ ಕೇಳ್ದೆ. ನನ್ನ ಹೆಸರು ಎಲ್‌ದೋಸ್."

ಯಾರು ಕಳಿಸಿದ್ದು ಎಂದು ಯಾರಾದರೂ ಕೇಳಬೇಕಿತ್ತು. ಆದರೆ ಆ ಜಾಣರ ಸಭೆಗೆ ಅದಕ್ಕಿಂತ ಘನವಾದ ಪ್ರಶ್ನೆಯಿತ್ತಲ್ಲ.

"ಏಳು ತಲೆ!" ಎಂದು ಮೂವರೂ ಒಟ್ಟಿಗೇ ಕೂಗಿದರು.

ಎಲ್‌ದೋಸ್ ಚೀಲ ಕೆಳಗಿಟ್ಟು, ಕೈ ಕಟ್ಟಿ, ಗಂಟಲು ಸರಿಮಾಡಿಕೊಂಡು ಹೇಳಿದ. ಏಳೂ ಹೆಸರು, ಒಂದರ ಬೆನ್ನಿಗೊಂದು, ನೀರು ಕುಡಿದಷ್ಟು ಸಲೀಸಾಗಿ. ಎರ್ಗಾಜಿ ತೊಡೆ ತಟ್ಟಿದ. ಶಾರ್ಬನ್‌ಗೆ ಅಷ್ಟು ಸಾಲದು. "ತಾಯಿ ಕಡೆ ಯಾವ ಕುಲಾನಪ್ಪ?"

ಅವನು ತಾಯಿಯ ಕುಲ ಹೇಳಿದ. ತೊಕ್ಸನ್‌ಬಾಯ್‌ನ ಕೈಯಲ್ಲಿದ್ದ ಬಟ್ಟಲು ಅಲ್ಲೇ ನಿಂತಿತು.

"ಅದು ನಮ್ಮ ಕುಲ!"

"ಹೌದಾ? ನಮ್ಮಮ್ಮ ಕಾರಾಬಾಯ್ ತಾತನ ಮೊಮ್ಮಗಳು."

"ಕಾರಾಬಾಯ್ ನಮ್ಮ ತಾತನ ತಮ್ಮ! ಇಲ್ಲೇ ಇದ್ದಾನೆ ನೋಡು!" ತೊಕ್ಸನ್‌ಬಾಯ್ ಗೋಡೆಯ ಹತ್ತಿರ ಓಡಿ ಗಾಜಿನ ಮೇಲೆ ಬೆರಳೊತ್ತಿದ. "ಅಂದ್ರೆ ನೀನು ನಮ್ಮ ಹೆಣ್ಣುಮಗಳ ಮಗ! ನನ್ನ ಸೋದರಳಿಯ!"

"ಮಾವಾ!" ಎಂದು ಎಲ್‌ದೋಸ್ ಎರಡೂ ತೋಳು ಚಾಚಿದ.

ಕುಲಾಶ್ ಕೈ ಒರೆಸಿಕೊಳ್ಳುತ್ತ ಬಂದಳು. "ಒಂದ್ನಿಮಿಷ. ಆ ಪಟದಲ್ಲಿ ಅವನ ಅಮ್ಮನ ಹೆಸರು ಎಲ್ಲಿದೆ?"

"ಹೆಣ್ಣುಮಕ್ಕಳ ಹೆಸರು ವಂಶವೃಕ್ಷದಲ್ಲಿ ಬರಿಯೋದಿಲ್ಲ ಕಣೆ."

"ಮತ್ತೆ ಅವಳು ಇದ್ದಳು ಅಂತ ಹೆಂಗೆ ಗೊತ್ತು?"

"ಇಲ್ಲದೇ ಇದ್ದಿದ್ರೆ ಇವನು ಹೆಂಗೆ ಹುಟ್ಟಿದ? ಒಂದಿಷ್ಟು ತಲೆ ಓಡಿಸು!"

ಈ ತರ್ಕಕ್ಕೆ ಎದುರಾಡುವ ಧೈರ್ಯ ಯಾರಿಗಿದೆ? ಕುಲಾಶ್ ಮತ್ತೆ ಅಡುಗೆಮನೆಗೆ ಹೋದಳು. ಎಲ್‌ದೋಸ್ ಚೀಲ ಬಿಚ್ಚಿ ಮುರಿದ ಕೀಲಿ ಹೊರಗೆಳೆದ, ಕೊಬ್ಬು ತುಂಬಿದ ಬೀಗವನ್ನು ಕಿತ್ತೆಸೆದ, ಪೊಟ್ಟಣ ಒಡೆದು ಹೊಸದೊಂದನ್ನು ಕೂರಿಸಿದ. ಬಾಗಿಲು ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ಕೆಲಸ ಚೊಕ್ಕವಾಗಿತ್ತು. ಅದನ್ನು ಒಪ್ಪಿಕೊಳ್ಳದಿದ್ದರೆ ಅನ್ಯಾಯವಾಗುತ್ತದೆ.

ಕೂಲಿ ಎಷ್ಟೆಂದು ಕೇಳಿದ್ದಕ್ಕೆ ಎಲ್‌ದೋಸ್ ಕಿವಿ ಮುಚ್ಚಿಕೊಂಡ. "ಮಾವನ ಹತ್ರ ಕೂಲಿಯಾ? ನಮ್ಮಮ್ಮ ಮನೆಗೆ ಸೇರಿಸ್ತಾಳಾ?"

"ನೋಡಿ, ರಕ್ತ ಅಂದ್ರೆ ಇದು!" ಎಂದು ತೊಕ್ಸನ್‌ಬಾಯ್ ಸಭೆಯ ಕಡೆ ತಿರುಗಿದ. ಕಣ್ಣಲ್ಲಿ ನೀರು. ಬೆಳಗಿನಿಂದ ಹೆಂಡತಿಗೂ ಮುಟ್ಟಲು ಬಿಡದಿದ್ದದ್ದನ್ನು ಆ ಉಬ್ಬಿನಲ್ಲಿ ಈ ಕತ್ತೆ ಏನು ಮಾಡಿತು ಅಂತೀರಿ? ಫಟಫಟನೆ ಗುಂಡಿ ಬಿಚ್ಚಿ ನಿಲುವಂಗಿಯನ್ನು ಎರಡೂ ಕಡೆಗೆ ಸರಿಸಿ ನಿಂತಿತು. "ನೋಡಪ್ಪಾ ಅಳಿಯಾ! ನಿಮ್ಮಮ್ಮನ ದೊಡ್ಡ ತಾತನ ಪಟ್ಟಿ!"

ಬೆಳ್ಳಿ ಥಳಥಳಿಸಿತು. ಎಲ್‌ದೋಸ್ ಹತ್ತಿರ ಬಂದು, ಬಾಗಿ ಮುಟ್ಟಿ, ಕೈಯನ್ನು ಹಣೆಗೊತ್ತಿಕೊಂಡ. ಆಮೇಲೆ ಬಹಳ ವಿನಯದಿಂದ ಹೇಳಿದ.

"ಮಾವಾ, ನಮ್ಮ ಪದ್ಧತಿ ಪ್ರಕಾರ ಸೋದರಳಿಯ ತಾಯಿಮನೆಯಿಂದ ಮೂರು ಸಲ, ಕೇಳಿದ್ದನ್ನ ತಗೊಂಡು ಹೋಗಬಹುದು, ಅಲ್ವಾ? ಮೊದಲ್ನೇದಕ್ಕೆ ನನಗೆ ಇದು ಸಾಕು."

ತೊಕ್ಸನ್‌ಬಾಯ್ ನಿಲುವಂಗಿಯನ್ನು ಸರಕ್ಕನೆ ಮುಚ್ಚಿಕೊಂಡ.

"ಆ... ಅಳಿಯಾ, ಚಹಾ ಕಾಯಿಸೋ ಒಳ್ಳೇ ಸಮೋವಾರ್ ಇದೆ, ತಗೋ. ಕಂಬಳಿ ತಗೋ. ಟೀವಿ ಬೇಕಾ? ಈಗ್ಲೇ ಬಿಚ್ಚಿ ಕೊಡ್ತೀನಿ."

"ಎರಡನೇ ಸಲಕ್ಕೆ ಯೋಚ್ನೆ ಮಾಡ್ತೀನಿ ಮಾವಾ."

"ಇದು ನಾಳೆ ಊರಿಗೆ ಬೇಕಪ್ಪಾ! ನನ್ನ ಮಾನ ಇದ್ರಲ್ಲಿದೆ!"

"ಕೊಡಯ್ಯಾ ತೊಕ್ಸನ್‌ಬಾಯ್!" ಎಂದು ಎರ್ಗಾಜಿ ಗುಡುಗಿದ. ಹೋಗುವುದು ಅವನ ಪಟ್ಟಿ ಅಲ್ಲವಲ್ಲ. "ಅಳಿಯ ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಅಂದೋರುಂಟಾ?"

"ಇಲ್ಲ ಅಂದ ಮಾವಂಗೆ ಕೈ ನಡುಕ ಬರುತ್ತೆ" ಅಂದಳು ಶಾರ್ಬನ್. "ನಮ್ಮ ಚಿಕ್ಕಪ್ಪಂಗೆ ಹಂಗೇ ಆಯ್ತು. ಚಮಚ ಹಿಡಿದ್ರೆ ಸಾರೆಲ್ಲ ಗಡ್ಡಕ್ಕೆ."

ತೊಕ್ಸನ್‌ಬಾಯ್ ತನ್ನ ಕೈ ನೋಡಿಕೊಂಡ. ಅದು ಆಗಲೇ ನಡುಗುತ್ತಿತ್ತು. ಪಟ್ಟಿ ಬಿಚ್ಚಿ ಕೊಟ್ಟ. ಶಾರ್ಬನ್ ಅಂಗೈ ಚಾಚಿ ಪ್ರಾರ್ಥನೆ ಮಾಡಿ ಮುಖ ಸವರಿಕೊಂಡಳು, ಉಳಿದವರೂ ಸವರಿಕೊಂಡರು. ಎಲ್‌ದೋಸ್ ಅದನ್ನು ಅಲ್ಲೇ ಸೊಂಟಕ್ಕೆ ಕಟ್ಟಿಕೊಂಡ. ಅವನಿಗೆ ಚೆನ್ನಾಗಿಯೂ ಒಪ್ಪುತ್ತಿತ್ತು, ಹಾಳಾದ್ದು!

"ಕೀಲಿ ತಗೊಳ್ಳಿ ಮಾವಾ." ಕೊಟ್ಟದ್ದು ನಾಲ್ಕು.

"ಪೊಟ್ಟಣದಲ್ಲಿ ಐದಿತ್ತಲ್ಲ?" ಎಂದಳು ಕುಲಾಶ್.

"ಒಂದು ನನ್ನ ಹತ್ರ ಇರ್ಲಿ ಅತ್ತೆ. ಇನ್ನೂ ಎರಡು ಸಲ ಬರೋದಿದೆ. ತಾಯಿಮನೆ ಮುಂದೆ ನಿಂತು ಬೆಲ್ ಒತ್ತೋದು ಅಂದ್ರೆ ಪರಕೀಯರ ಥರ ಅಲ್ವಾ?"

"ಎಂಥಾ ಪ್ರೀತಿ!" ಎಂದು ಶಾರ್ಬನ್ ಕಣ್ಣೊರೆಸಿಕೊಂಡಳು. ಅಳಿಯ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು ಹೊರಟ. ನೋಡಲು ಇನ್ನೇನೂ ಉಳಿದಿಲ್ಲವಾದ್ದರಿಂದ ನೆರೆಹೊರೆಯೂ ಹೊರಟಿತು.

ತೊಕ್ಸನ್‌ಬಾಯ್ ಬೆಳಗಿನಿಂದ ಮೊದಲ ಸಲ ಕುಳಿತುಕೊಂಡ. ಬಹಳ ಹೊತ್ತಾದ ಮೇಲೆ ಅಣ್ಣನಿಗೆ ಫೋನು ಮಾಡಿ, ಅಳುದನಿಯಲ್ಲಿ ಎಲ್ಲವನ್ನೂ ಹೇಳಿದ. ಅಣ್ಣ ಬೈಯುತ್ತಾನೆ, ಕೂಗಾಡುತ್ತಾನೆ, ನಾಳೆ ಬೂಟುಗಳ ಪಕ್ಕ ಕೂರಿಸುತ್ತಾನೆ ಎಂದು ಕಣ್ಣು ಮುಚ್ಚಿ ಕಾದ. ಅಣ್ಣ ಕೂಗಲಿಲ್ಲ.

"ಪಟ್ಟೀನೇ ತಗೊಂಡ್ನಾ?" ಎಂದ, ಸಮಾಧಾನದ ದನಿಯಲ್ಲಿ.

"ಯಾರು ಅಂತ ನಿಂಗೆ ಗೊತ್ತಾ ಅಣ್ಣಾ?"

"ಚಿನ್ನದ ಹಲ್ಲಿನವನು ತಾನೆ? ವಸಂತದಲ್ಲಿ ನಮ್ಮನೆ ಬೀಗ ಹಾಕೋಕೆ ಬಂದಿದ್ದ. ಅಪ್ಪನ ಬೆಳ್ಳಿ ಜೀನು ಹೋಯ್ತು, ಆಮೇಲೆ ಹಸು ಹೋಯ್ತು. ಜೀನು ರಿಪೇರಿಗೆ ಕೊಟ್ಟಿದೀನಿ ಅಂತ ಎಲ್ಲರಿಗೂ ಹೇಳ್ಕೊಂಡು ಬಂದಿದೀನಿ. ಇವತ್ತು ಬೆಳಿಗ್ಗೆ ಮೂರನೇ ಸಲ ಬಂದು ನನ್ನ ಕುದುರೆ ಹಗ್ಗ ಬಿಚ್ಚುತಾ ನಿಂತಿದ್ದ. ಅದೇ ಹೊತ್ತಿಗೆ ನಿನ್ನ ಫೋನು ಬಂತು."

"ಅದಕ್ಕೆ?"

"ಅದಕ್ಕೆ ನಾನೇ ಕಳಿಸ್ದೆ. ಪಟ್ಟಣದಲ್ಲಿ ಇನ್ನೊಬ್ಬ ಮಾವ ಇದ್ದಾನೆ, ಬೀಗಾನೂ ಕೆಟ್ಟಿದೆ, ಬೆಳ್ಳಿ ಮೈಮೇಲೇ ಇದೆ ಅಂದೆ. ಕುದುರೆ ಬಿಟ್ಟು ಬಸ್ಸು ಹತ್ತಿದ."

"ಅಣ್ಣಾ! ಅವನು ನಿಜವಾಗ್ಲೂ ನಮ್ಮ ಅಳಿಯ ತಾನೆ?"

"ಅದು ಆ ದೇವರಿಗೇ ಗೊತ್ತು. ಏಳು ತಲೆ ಕೇಳ್ದೆ, ಸರಿಯಾಗಿ ಹೇಳ್ದ. ಇನ್ನೇನು ಕೇಳೋಕಾಗುತ್ತೆ? ನಾಳೆ ಬೇಗ ಬಾ, ಬಾಗಿಲ ಹತ್ರ ಇಬ್ಬರಿಗೂ ಜಾಗ ಇದೆ."

ಫೋನಿಟ್ಟ ತೊಕ್ಸನ್‌ಬಾಯ್ ಎದ್ದು ಹೋಗಿ, ಹೊಸ ಬೀಗವನ್ನು ಒಳಗಿನಿಂದ ಹಾಕಿ, ಇನ್ನೊಂದು ಸುತ್ತು ತಿರುಗಿಸಿ, ಎಳೆದು ನೋಡಿದ. ಭದ್ರವಾಗಿತ್ತು. ಬೆನ್ನು ತಿರುಗಿಸಿ ಎರಡು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಆ ಬೀಗ ಸದ್ದೇ ಇಲ್ಲದೆ, ಬೆಣ್ಣೆಯ ಹಾಗೆ ತಿರುಗಿ ತೆರೆದುಕೊಂಡಿತು.

"ಮಾವಾ, ಮಲಗಿಲ್ಲ ತಾನೆ?" ಎಂದ ಎಲ್‌ದೋಸ್, ಬೂಟು ಕಳಚುತ್ತ. "ಆ ಟೀವಿ ವಿಷಯ ದಾರಿಯಲ್ಲಿ ಯೋಚ್ನೆ ಮಾಡ್ದೆ."